ಸುಮ್ಮನಿದ್ದವರನ್ನು ಬಂಡುಕೋರರ ಕಡೆ ತಳ್ಳಿದ ಸರ್ಕಾರ

ಬಡತನ ಇದ್ದ ಕಡೆಯೆಲ್ಲ ಜನ ಬಂದೂಕು ಹಿಡಿಯುವುದಿಲ್ಲ. ಹೆಚ್ಚಿನವರು ಗೊಣಗುತ್ತಾರೆ, ಸಹಿಸಿಕೊಳ್ಳುತ್ತಾರೆ, ಯಾರ ಗೊಡವೆಯೂ ಬೇಡವೆಂದು ಸುಮ್ನೆ ಇರುತ್ತಾರೆ. ಅಂಥವರು ಬಂಡುಕೋರರ ಕಡೆ ವಾಲುವುದು ಯಾವಾಗ? ಇದಕ್ಕೆ ದಕ್ಷಿಣ ವಿಯೆಟ್ನಾಂನಷ್ಟು ಚೆನ್ನಾಗಿ ದಾಖಲಾದ ಉದಾಹರಣೆ ಸಿಗುವುದು ಕಷ್ಟ.

1955ರಲ್ಲಿ ನ್ಗೊ ದಿನ್ ದಿಯೆಮ್ ಜನಮತಗಣನೆ ಗೆದ್ದು ಅಧ್ಯಕ್ಷನಾದ. ರಾಜಧಾನಿ ಸೈಗಾನ್‌ನಲ್ಲಿ ಸುಮಾರು 4.5 ಲಕ್ಷ ಮತದಾರರಿದ್ದರು, ಅವನಿಗೆ ಬಿದ್ದ ಮತ 6 ಲಕ್ಷಕ್ಕೂ ಜಾಸ್ತಿ! ಆದರೆ ಹಳ್ಳಿಯ ರೈತನಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಜಮೀನಿನದು. ಫ್ರೆಂಚರ ವಿರುದ್ಧದ ಯುದ್ಧದ ಕಾಲದಲ್ಲಿ ಮೆಕಾಂಗ್ ನದಿಮುಖಜ ಭೂಮಿಯ ಎಷ್ಟೋ ಜಮೀನ್ದಾರರು ಊರು ಬಿಟ್ಟಿದ್ದರು. ಕಮ್ಯುನಿಸ್ಟರ ನೇತೃತ್ವದಲ್ಲಿ ಫ್ರೆಂಚರ ವಿರುದ್ಧ ಕಾದಾಡುತ್ತಿದ್ದ ವಿಯೆಟ್ ಮಿನ್ ಹೋರಾಟಗಾರರು ಆ ಗದ್ದೆಗಳನ್ನು ಗೇಣಿದಾರರಿಗೆ ಹಂಚಿದ್ದರು. ಯುದ್ಧ ಮುಗಿದ ಮೇಲೆ ಜಮೀನ್ದಾರರು ವಾಪಸ್ ಬಂದರು. ಗೇಣಿ ಬೆಳೆಯ ಶೇ. 25 ಮೀರಬಾರದು ಎಂದು ಸರ್ಕಾರ ಕಾನೂನು ಮಾಡಿತು. ಕಾಗದದ ಮೇಲೆ ಇದು ಸುಧಾರಣೆಯೇ. ವರ್ಷಗಟ್ಟಲೆ ಗೇಣಿಯನ್ನೇ ಕೊಡದೆ ಉಳುತ್ತಿದ್ದವನಿಗೆ ಮಾತ್ರ ಇದು ಹೊಸ ಹೊರೆ. 1956ರ ಭೂಮಿತಿ ಕಾನೂನೋ, ಒಬ್ಬ ಜಮೀನ್ದಾರನಿಗೆ 100 ಹೆಕ್ಟೇರ್ ಭತ್ತದ ಗದ್ದೆ ಇಟ್ಟುಕೊಳ್ಳಲು ಬಿಟ್ಟಿತು. ಮಿಕ್ಕ ಜಮೀನು ಬೇಕಾದರೆ ರೈತ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ತನ್ನದೇ ಅಂದುಕೊಂಡಿದ್ದ ಗದ್ದೆಗೆ ಕಂತು ಕಟ್ಟು ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ, ಅಲ್ವಾ?

ದೂರು ಹೇಳೋಣ ಎಂದರೆ ಯಾರಿಗೆ? ಅದೇ ವರ್ಷ ಹಳ್ಳಿಗಳ ಚುನಾಯಿತ ಮಂಡಳಿಗಳನ್ನು ತೆಗೆದುಹಾಕಿ ಮೇಲಿನಿಂದ ಅಧಿಕಾರಿಗಳನ್ನು ನೇಮಿಸಲಾಯಿತು. ಹಲವರು ಆ ಊರಿನವರೇ ಅಲ್ಲ. ನನ್ನ ದೃಷ್ಟಿಯಲ್ಲಿ ಗೇಣಿಗಿಂತ ದೊಡ್ಡ ತಪ್ಪು ಇದೇ. 1959ರಲ್ಲಿ ಬಂದ 10/59 ಎಂಬ ಕಾನೂನು ಊರೂರು ಸುತ್ತುವ ಮಿಲಿಟರಿ ನ್ಯಾಯಾಲಯಗಳಿಗೆ ಮರಣದಂಡನೆ ಕೊಡುವ ಅಧಿಕಾರ ನೀಡಿತು. ಮೇಲ್ಮನವಿಗೆ ಅವಕಾಶವೇ ಇರಲಿಲ್ಲ. ಸಿಕ್ಕಿಬಿದ್ದವನು ಬಂಡುಕೋರನೋ, ಬರೀ ಗೊಣಗಿದವನೋ ಎಂದು ನೋಡುವ ತಾಳ್ಮೆ ಇಲ್ಲದ ಕಡೆ ಸುಮ್ಮನಿದ್ದು ಏನು ಲಾಭ?

ಉತ್ತರ ವಿಯೆಟ್ನಾಂನ ಕಮ್ಯುನಿಸ್ಟ್ ಸರ್ಕಾರದ, ಅಂದರೆ ಹನೋಯ್‌ನ ಕೈಯೂ ಇದರಲ್ಲಿತ್ತು. ದಕ್ಷಿಣದಲ್ಲಿ ಸಶಸ್ತ್ರ ಹೋರಾಟಕ್ಕೆ ಹನೋಯ್‌ನ ಕಮ್ಯುನಿಸ್ಟ್ ಪಕ್ಷ ಒಪ್ಪಿದ್ದೂ 1959ರಲ್ಲೇ. ಆದರೆ ಹನೋಯ್‌ನಿಂದ ಅಪ್ಪಣೆ ಬಂದ ಮಾತ್ರಕ್ಕೆ ಹಳ್ಳಿಯವರು ಬಂಡುಕೋರರಿಗೆ ಅನ್ನ ಹಾಕಿ ಬಚ್ಚಿಡುವುದಿಲ್ಲ. 1960ರ ಜನವರಿಯಲ್ಲಿ ಬೆನ್ ತ್ರೆ ಪ್ರಾಂತ್ಯ ದಂಗೆ ಎದ್ದಿತು. ಡಿಸೆಂಬರ್‌ನಲ್ಲಿ ಬಂಡುಕೋರರ ಸಂಘಟನೆಯಾದ ರಾಷ್ಟ್ರೀಯ ವಿಮೋಚನಾ ರಂಗ ಹುಟ್ಟಿತು.

1962ರಲ್ಲಿ ಸರ್ಕಾರ ಬಂಡುಕೋರರ ಸಂಪರ್ಕ ತಪ್ಪಿಸಲು ರೈತರನ್ನು ಬೇಲಿ ಹಾಕಿದ ಹಳ್ಳಿಗಳಿಗೆ ಸೇರಿಸಲು ಹೊರಟಿತು. ಈ ಯೋಜನೆಯನ್ನು ಅವಸರ ಅವಸರವಾಗಿ ಜಾರಿ ಮಾಡಿಸಿದವರಲ್ಲಿ ಫಾಮ್ ನ್ಗೊಕ್ ಥಾವೊ ಎಂಬ ಅಧಿಕಾರಿಯೂ ಒಬ್ಬ. ಅವನು ಕಮ್ಯುನಿಸ್ಟರ ಗುಪ್ತಚರ! ಜನರ ಸಿಟ್ಟು ಏರಿದಷ್ಟೂ ತನ್ನವರಿಗೆ ಅನುಕೂಲ ಎಂಬ ಲೆಕ್ಕ ಅವನದು.

1963ರಲ್ಲಿ ದಿಯೆಮ್ ಕೊಲೆಯಾದ, ಯುದ್ಧ ನಿಲ್ಲಲಿಲ್ಲ. ಕೊನೆಯ ವರ್ಷಗಳಲ್ಲಿ, ದಕ್ಷಿಣದ ಸರ್ಕಾರದ ಪರ ಹೋರಾಡುತ್ತಿದ್ದ ಅಮೆರಿಕದ ಸೇನೆ ಪ್ರತಿ ಹಳ್ಳಿಯ ಬಗ್ಗೆ 169 ಪ್ರಶ್ನೆಗಳಿಗೆ ಉತ್ತರ ಸಂಗ್ರಹಿಸಿ, ಕಂಪ್ಯೂಟರ್‌ನಲ್ಲಿ ಭದ್ರತೆಯ ಅಂಕ ಲೆಕ್ಕ ಹಾಕುತ್ತಿತ್ತು. ಆ ಅಂಕವನ್ನು ಹತ್ತಿರದ ಪೂರ್ಣಸಂಖ್ಯೆಗೆ ಸರಿಸುತ್ತಿದ್ದರು. ಹಾಗಾಗಿ ಹೆಚ್ಚುಕಡಿಮೆ ಒಂದೇ ಥರದ ಎರಡು ಹಳ್ಳಿಗಳಲ್ಲಿ, ಕೂದಲೆಳೆಯಷ್ಟು ಕಡಿಮೆ ಅಂಕ ಬಂದ ಹಳ್ಳಿ ಕೆಳಗಿನ ದರ್ಜೆಗೆ ಇಳಿದು ಹೆಚ್ಚು ಬಾಂಬ್ ತಿನ್ನುತ್ತಿತ್ತು. ಅರ್ಥಶಾಸ್ತ್ರಜ್ಞರಾದ ಮೆಲಿಸ್ಸಾ ಡೆಲ್ ಮತ್ತು ಪಾಬ್ಲೊ ಕೆರುಬಿನ್ 2018ರಲ್ಲಿ ಇಂಥ ಹಳ್ಳಿಗಳನ್ನು ಹೋಲಿಸಿ ನೋಡಿದರು. ಬಾಂಬ್ ಹೆಚ್ಚು ಬಿದ್ದ ಕಡೆ ಬಂಡುಕೋರರ ಚಟುವಟಿಕೆ ಕುಗ್ಗುವ ಬದಲು ಹೆಚ್ಚಿತ್ತು. ಸ್ಥಳೀಯ ಆಡಳಿತ ದುರ್ಬಲವಾಗಿತ್ತು, ಊರಿನ ಸಂಘ ಸಂಸ್ಥೆಗಳಿಂದ ಜನ ದೂರ ಸರಿದಿದ್ದರು.