ಕಂಗಿಗೆ ದೃಷ್ಟಿ ತಾಗಿದ್ದಲ್ಲ

ಬದಿಯಡ್ಕದ ಹತ್ತಿರದ ನಮ್ಮ ತೋಟದಲ್ಲಿ ಒಂದು ಸಾಲು ಕಂಗಿನ (ಅಡಿಕೆಯ) ಸಸಿ ಮೂರು ಮಳೆಗಾಲ ಕಳೆದರೂ ಸೊಂಟ ದಾಟಲಿಲ್ಲ. ನೀರು, ಗೊಬ್ಬರ ಎಲ್ಲ ಉಳಿದ ಸಾಲುಗಳಷ್ಟೇ. "ದೃಷ್ಟಿ ತಾಗಿದೆ" ಎಂದು ನೆರೆಮನೆಯ ಅಜ್ಜ ಸುಣ್ಣದ ಬೊಟ್ಟಿಟ್ಟ ಮಡಕೆ ಕಟ್ಟಿಸಿದರು. ಮಡಕೆ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಕಟ್ಟಿದ ಮೇಲೆ ಯಾರೂ ಬುಡ ಅಗೆದು ನೋಡುವುದಿಲ್ಲ, ಅದೇ ತಕರಾರು.

ಒಂದು ಸಸಿ ಕಿತ್ತೆ. ಬೇರು ಗೇಣುದ್ದವೂ ಇಲ್ಲ, ತುದಿ ಮೊಂಡಾಗಿ ಊದಿದೆ. ಆಗ ನೆನಪಾಯಿತು, ತೋಟ ಮಾಡುವಾಗ ಟಿಪ್ಪರ್ ಓಡಾಡಿದ್ದು ಇಲ್ಲೇ. ಮುರಮಣ್ಣು ಅಂಗಳದ ಹಾಗೆ ಬಿಗಿದಿತ್ತು.

ಬೇರಿಗೆ ಶಕ್ತಿ ಸಾಲಲಿಲ್ಲ ಅಂತೀರಾ? ಅಷ್ಟೇ ಅಲ್ಲ. ಬೇರು ಸದಾ ಎಥಿಲೀನ್ ಎಂಬ ಅನಿಲ ಬಿಡುತ್ತಿರುತ್ತದೆ. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡ್ತೇವಲ್ಲ, ಆ ಹೊಗೆಯಲ್ಲಿ ಕೆಲಸ ಮಾಡುವುದೂ ಇದೇ. ಸಡಿಲ ಮಣ್ಣಿನ ಸಂದುಗಳಲ್ಲಿ ಅದು ಹರಡಿ ಹೋಗುತ್ತದೆ. ಬಿಗಿದ ಮಣ್ಣಿನಲ್ಲಿ ಬೇರಿನ ಸುತ್ತಲೇ ತುಂಬಿಕೊಳ್ಳುತ್ತದೆ, ಕಿಟಕಿ ಮುಚ್ಚಿ ಮೆಣಸಿನ ಒಗ್ಗರಣೆ ಹಾಕಿದ ಹಾಗೆ. ನಮ್ಮ ಗುಡ್ಡೆಗಳಲ್ಲಿ ನೀರಿಗಾಗಿ ಸುರಂಗ ತೋಡುವವರನ್ನು ನೋಡಿ. ಒಳಗೆ ಗಾಳಿ ಸಾಲದೆ ಮೇಣದಬತ್ತಿ ಸಣ್ಣಗಾದರೆ ಪಿಕ್ಕಾಸು ಕೆಳಗಿಡುತ್ತಾರೆ. ತೋಳಲ್ಲಿ ಬಲವಿಲ್ಲ ಅಂತಲ್ಲ, ಸೂಚನೆ ಸಿಕ್ಕಿತು ಅಂತ. ಬೇರೂ ಹಾಗೆಯೇ ಉದ್ದವಾಗುವುದನ್ನು ನಿಲ್ಲಿಸಿ ದಪ್ಪವಾಗುತ್ತದೆ. 2021ರಲ್ಲಿ ವಿಜ್ಞಾನಿಗಳು ಭತ್ತದಲ್ಲಿ ಇದನ್ನು ತೋರಿಸಿದರು. ಎಥಿಲೀನ್ ಗೊತ್ತಾಗದ ಸಸಿಗಳ ಬೇರು ಗಟ್ಟಿ ಮಣ್ಣಿನಲ್ಲೂ ಇಳಿಯುತ್ತಾ ಹೋಯಿತು!

ಈ ಅನಿಲದ ಗುಟ್ಟು ಮೊದಲು ಬಯಲಾದದ್ದೇ ಸೋರಿಕೆಯಿಂದ. ರಷ್ಯಾದ ಸಸ್ಯವಿಜ್ಞಾನಿ ನೆಲ್ಯುಬೋವ್ ಅವರ ಪ್ರಯೋಗಾಲಯದಲ್ಲಿ ಬಟಾಣಿ ಮೊಳಕೆಗಳು ಗಿಡ್ಡವಾಗಿ, ದಪ್ಪವಾಗಿ, ಅಡ್ಡಡ್ಡ ಬೆಳೆಯುತ್ತಿದ್ದವು. ಹೊರಗಿನ ಗಾಳಿ ಕೊಟ್ಟರೆ ನೆಟ್ಟಗೆ. ಒಳಗೆ ಸೋರಿದ ದೀಪದ ಗ್ಯಾಸಿನಲ್ಲಿದ್ದ ಎಥಿಲೀನೇ ಕಾರಣ ಎಂದು ಅವರು 1901ರಲ್ಲಿ ಬರೆದರು.

ಒತ್ತೊತ್ತಾಗಿ ನೆಡುವವರದು ಇನ್ನೊಂದು ಭ್ರಮೆ. ಅಡಿಕೆಗೆ 2.7 ಮೀಟರ್, ಸುಮಾರು 9 ಅಡಿ ಅಂತರ ಬೇಕು. ಆರಡಿಗೆ ನೆಟ್ಟು "ಎಷ್ಟು ಎತ್ತರ ಹೋಗಿದೆ ನೋಡಿ" ಅಂತಾರೆ. ಅದು ಬೆಳಕಿಗಾಗಿ ಓಟ, ಅಷ್ಟೇ. ಪಕ್ಕದ ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡುಬಿಡುತ್ತವೆ. ಕೆಂಪು ಕಮ್ಮಿಯಾದದ್ದು ಗೊತ್ತಾದ ಗಿಡ ಇದ್ದದ್ದನ್ನೆಲ್ಲ ಎತ್ತರಕ್ಕೆ ಸುರಿಯುತ್ತದೆ, ಬೇರಿಗೆ ಉಳಿಯುವುದು ಕಮ್ಮಿ.

ಬೇಸಗೆಯಲ್ಲಿ ಆ ಸಾಲಿನ ಮಣ್ಣನ್ನು ಪಿಕ್ಕಾಸಿನಿಂದ ಸಡಿಲಿಸಿ, ಸೊಪ್ಪು, ಸುಡುಮಣ್ಣು ತುಂಬಿಸಿದೆ. ಮಳೆಗಾಲದ ಆಟಿ ತಿಂಗಳಲ್ಲಿ ಬುಡ ಕೆದಕಿದರೆ ಬಿಳಿ ಬೇರು, ತುದಿ ಚೂಪು. ಅಜ್ಜನನ್ನು ಕರೆದು ತೋರಿಸಿದೆ. ಅವರು ನಕ್ಕು ಮಡಕೆಯ ಕಡೆ ಕೈ ತೋರಿಸಿದರು.