ಒಲೆ ಆರಿಸಿದ ಮೇಲೂ ಉಳಿಯುವ ಬಿಸಿ: ಕೈಗಾ ಇಟ್ಟುಕೊಂಡು ಅಣು ವಿದ್ಯುತ್ ಓದೋಣ

ಅಣು ವಿದ್ಯುತ್ತಿನ ಲಾಭ, ಅಪಾಯ ಬರೆಯಿರಿ ಅಂದರೆ ನಾವೆಲ್ಲ ಎರಡು ಕಾಲಂ ಎಳೆದು ತುಂಬಿಸಿಬಿಡುತ್ತೇವೆ. ಹಾಗೆ ಓದಿದ್ದು ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಅದಕ್ಕೇ ಇಲ್ಲಿ ನಮ್ಮ ಕೈಗಾ ಅಣು ವಿದ್ಯುತ್ ಸ್ಥಾವರವನ್ನೇ ಮುಂದಿಟ್ಟುಕೊಂಡಿದ್ದೇನೆ.

ಕೈಗಾ ಇರುವುದು ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ಪಕ್ಕದ ಕಾಡಿನಲ್ಲಿ. ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಮೊದಲೆರಡು 2000ದಲ್ಲಿ ಶುರುವಾದವು, ನಾಲ್ಕನೆಯದು 2011ರಲ್ಲಿ. ನೀರು ಕಾಯಿಸುವುದು, ಉಗಿಯಿಂದ ಟರ್ಬೈನ್ ತಿರುಗಿಸುವುದು, ಇಷ್ಟೇ ಕೆಲಸ. ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ಸ್ಥಾವರದಲ್ಲೂ ಇದೇ ನಡೆಯುತ್ತದೆ. ಬೇರೆ ಇರುವುದು ಒಲೆ ಮಾತ್ರ.

ಆ ಒಲೆಯ ಸೌದೆಯನ್ನು ಹತ್ತಿರದಿಂದ ನೋಡೋಣ. ಒಂದು ಇಂಧನ ಕಟ್ಟು ಅಂದರೆ ಅರ್ಧ ಮೀಟರ್ ಉದ್ದದ 19 ಕೊಳವೆಗಳ ಕಂತೆ. ಅದರಲ್ಲಿ ಸುಮಾರು 13 ಕೆಜಿ ಯುರೇನಿಯಂ ಇರುತ್ತದೆ. ಒಬ್ಬರೇ ಎತ್ತಬಹುದಾದಷ್ಟು ತೂಕ. ಒಂದು ಕೆಜಿಯಿಂದ ಸುಮಾರು 7 ಮೆಗಾವ್ಯಾಟ್-ದಿನದಷ್ಟು, ಅಂದರೆ 7 ಮೆಗಾವ್ಯಾಟ್‌ನಂತೆ ಇಡೀ ಒಂದು ದಿನ, ಶಾಖ ಸಿಗುತ್ತದೆ. 13ನ್ನು 7ರಿಂದ ಗುಣಿಸಿ, 24 ಗಂಟೆಗೆ ಲೆಕ್ಕ ಹಾಕಿ, ಅದರಲ್ಲಿ ಶೇ 29ರಷ್ಟು ಮಾತ್ರ ಕರೆಂಟ್ ಆಗುತ್ತದೆ ಅಂತ ಹಿಡಿಯಿರಿ. ಒಂದು ಮೆಗಾವ್ಯಾಟ್-ಗಂಟೆ ಅಂದರೆ 1,000 ಯೂನಿಟ್, ಹಾಗಾಗಿ ಸರಿಸುಮಾರು 6.3 ಲಕ್ಷ ಯೂನಿಟ್ ಬರುತ್ತದೆ. ತಿಂಗಳಿಗೆ 100 ಯೂನಿಟ್ ಉರಿಸುವ 500 ಮನೆಗಳಿಗೆ ಒಂದು ವರ್ಷ ಸಾಕು! ಇಷ್ಟನ್ನೇ ಕಲ್ಲಿದ್ದಲಿನಿಂದ ತೆಗೆಯಲು 400 ಟನ್‌ಗಿಂತ ಜಾಸ್ತಿ ಸುಡಬೇಕು. ಅದರ ಬೂದಿ, ಹೊಗೆ ಬೇರೆ. ಗಣಿಯಿಂದ ಹಿಡಿದು ಎಲ್ಲ ಸೇರಿಸಿದರೂ ಅಣು ವಿದ್ಯುತ್ತಿನಲ್ಲಿ ಯೂನಿಟ್‌ಗೆ ಸುಮಾರು 12 ಗ್ರಾಂ ಇಂಗಾಲದ ಡೈಆಕ್ಸೈಡ್, ಕಲ್ಲಿದ್ದಲಿನಲ್ಲಿ ಸುಮಾರು 820 ಗ್ರಾಂ. ನನ್ನ ಪ್ರಕಾರ ಲಾಭದ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಕೈಗಾದ ಒಲೆಗಳು ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಬಳಸುವ ರಿಯಾಕ್ಟರ್‌ಗಳು. ಇವುಗಳಲ್ಲಿ ಓಡುತ್ತಿರುವಾಗಲೇ ಇಂಧನ ಬದಲಿಸಬಹುದು. ಹಾಗಾಗಿಯೇ ಕೈಗಾದ 1ನೇ ಘಟಕ 2018ರ ಕೊನೆಯವರೆಗೆ ಸತತ 962 ದಿನ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿತು. ಮೋಡ, ಗಾಳಿ, ಮಳೆಗಾಲ ಯಾವುದಕ್ಕೂ ಕಾಯಬೇಕಿಲ್ಲ ಅಲ್ವಾ?

ಈಗ ಅಪಾಯ. ರಿಯಾಕ್ಟರ್ ಬಾಂಬ್ ಹಾಗೆ ಸಿಡಿಯುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಆಗದು, ಬಾಂಬಿಗೆ ಬೇಕಾದಷ್ಟು ಸಾಂದ್ರ ಇಂಧನ ಅಲ್ಲಿ ಇರುವುದಿಲ್ಲ. ನಿಜವಾದ ತೊಂದರೆ ಬೇರೆ. ಸೌದೆ ಒಲೆಗೆ ನೀರು ಹಾಕಿದರೆ ಆರಿತು. ರಿಯಾಕ್ಟರ್‌ನಲ್ಲಿ ವಿದಳನ, ಅಂದರೆ ಪರಮಾಣು ಒಡೆದು ಶಾಖ ಬರುವ ಕ್ರಿಯೆ, ನಿಲ್ಲಿಸಿದರೂ, ಒಡೆದ ಪರಮಾಣುಗಳ ಚೂರುಗಳು ಬಿಸಿ ಹೊಮ್ಮಿಸುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಇದು ಒಟ್ಟು ಶಾಖದ ಶೇ 6ರಿಂದ 7. ಕೈಗಾದ ಒಂದು ಘಟಕದ ಶಾಖ ಸುಮಾರು 750 ಮೆಗಾವ್ಯಾಟ್ ಅಂದರೆ, ಉಳಿದ ಬಿಸಿಯೇ 45 ಮೆಗಾವ್ಯಾಟ್‌ಗೂ ಮೇಲೆ. 2 ಕಿಲೋವ್ಯಾಟ್‌ನ 22 ಸಾವಿರ ಗೀಸರ್ ಒಟ್ಟಿಗೆ ಹಾಕಿದಂತೆ! ಒಂದು ದಿನದಲ್ಲಿ ಶೇ 1ಕ್ಕಿಂತ ಕೆಳಗಿಳಿಯುತ್ತದೆ, ಆದರೂ ನೀರು ಹರಿಯುತ್ತಲೇ ಇರಬೇಕು.

ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ಕೈಕೊಟ್ಟದ್ದು ಇದೇ. 2011ರ ಮಾರ್ಚ್ 11ರಂದು ಭೂಕಂಪವಾದಾಗ ಓಡುತ್ತಿದ್ದ ರಿಯಾಕ್ಟರ್‌ಗಳು ಸರಿಯಾಗಿಯೇ ನಿಂತವು. ಆಮೇಲೆ ಬಂದ ಸುನಾಮಿ ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿತು. ಪಂಪ್ ನಿಂತಿತು, ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು. ಆಗಿನ ಸೋವಿಯತ್ ಒಕ್ಕೂಟದಲ್ಲಿದ್ದ ಚೆರ್ನೋಬಿಲ್ ಸ್ಥಾವರದ 1986ರ ಕಥೆ ಬೇರೆ: ಅಲ್ಲಿ ಪರೀಕ್ಷೆ ಮಾಡುವಾಗ ಶಕ್ತಿ ಹತೋಟಿ ತಪ್ಪಿ ಏರಿತು, ಸುತ್ತ ಗಟ್ಟಿ ಹೊದಿಕೆಯೂ ಇರಲಿಲ್ಲ. ಉತ್ತರ ಬರೆಯುವಾಗ ಎರಡನ್ನೂ ಕಲಸಬೇಡಿ.

ಕೈಗಾದಲ್ಲೂ ಎಲ್ಲ ಸುಸೂತ್ರವಾಗಿರಲಿಲ್ಲ. 1994ರಲ್ಲಿ ಕಟ್ಟುತ್ತಿರುವಾಗಲೇ ರಿಯಾಕ್ಟರ್ ಮೇಲಿನ ಗುಮ್ಮಟದ ಕಾಂಕ್ರೀಟ್ ಕುಸಿಯಿತು. ಆಗಿನ್ನೂ ಒಳಗೆ ಇಂಧನ ಇರಲಿಲ್ಲ. 2009ರಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಸೇರಿ 50ಕ್ಕೂ ಹೆಚ್ಚು ಕೆಲಸಗಾರರ ಮೈಗೆ ಹೋಯಿತು. ಟ್ರಿಟಿಯಂನ ವಿಕಿರಣ ಚರ್ಮವನ್ನೂ ದಾಟದು, ಆದರೆ ನೀರಾಗಿ ಒಳಗೆ ಹೋದರೆ ಎಲ್ಲ ಕಡೆ ಹರಡುತ್ತದೆ. ಯಾರೋ ಒಳಗಿನವರೇ ಬೇಕಂತ ಮಾಡಿದ್ದು ಎಂದು ಅಧಿಕಾರಿಗಳು ಹೇಳಿದರು. ನನಗೆ ಅದರಿಂದ ಸಮಾಧಾನ ಆಗುವುದಿಲ್ಲ. ಯಂತ್ರದ ಜತೆ ಮನುಷ್ಯರನ್ನೂ ಲೆಕ್ಕಕ್ಕೆ ಹಿಡಿಯುವುದೇ ಸುರಕ್ಷತೆ. ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೆ ನಿಂತದ್ದೂ ಕೈಗಾ ಬೇಡ ಎಂದೇ. ಅವರು ಸೋತರು, ಅವರು ಎತ್ತಿದ ಪ್ರಶ್ನೆ ಸೋಲಲಿಲ್ಲ.

ಉಳಿದದ್ದು ತ್ಯಾಜ್ಯ. 500 ಮನೆ ಬೆಳಗಿದ ಆ ಕಟ್ಟು ಹೊರಬಂದ ಮೇಲೆ ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣಿಯಬೇಕು. ನಮ್ಮ ದೇಶದಲ್ಲಿ ಅದನ್ನು ಸಂಸ್ಕರಿಸಿ ಪ್ಲುಟೋನಿಯಂ ತೆಗೆದು, ಉಳಿದ ತೀವ್ರ ತ್ಯಾಜ್ಯವನ್ನು ಗಾಜಿನಲ್ಲಿ ಹುದುಗಿಸುತ್ತಾರೆ. ಪೂರ್ತಿ ತೆಗೆಯಲಾಗದೆ ಚೂರುಪಾರು ಉಳಿಯುವ ಪ್ಲುಟೋನಿಯಂ-239ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು 24,000 ವರ್ಷ. ಹಲ್ಮಿಡಿ ಶಾಸನಕ್ಕೆ ಈಗ ಸುಮಾರು 1,500 ವರ್ಷ. ಅದರ ಲಿಪಿಯನ್ನು ನಮ್ಮಲ್ಲಿ ಎಷ್ಟು ಜನ ಓದಬಲ್ಲೆವು? ಇಂಥ ತ್ಯಾಜ್ಯ ಹೂತಿಡುವ ಜಾಗದ ಮೇಲೆ ‘ಇಲ್ಲಿ ಅಗೆಯಬೇಡಿ’ ಅಂತ ಯಾವ ಭಾಷೆಯಲ್ಲಿ ಬರೆದಿಡುವುದು ಎಂಬುದೂ ಈ ಪಾಠದ ಪ್ರಶ್ನೆಯೇ.