ರೈಫಲ್ ನಳಿಗೆಯ ಸುರುಳಿಯೂ ಗುಂಡಿನ ಉದ್ದವೂ

ಚಿತ್ರದುರ್ಗದ ಕೋಟೆಗೋಡೆಗಳಲ್ಲಿ ಇಂದಿಗೂ ಕಾಣುವ ಕೋವಿಕಿಂಡಿಗಳು ನುಣುಪು ನಳಿಗೆಯ ಕೋವಿಗಳ ಕಾಲದವು. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿದ ಕಾಲಕ್ಕೆ ಕೋವಿಗಳು ಸಾಮಾನ್ಯವಾಗಿ ಹಾರಿಸುತ್ತಿದ್ದುದು ದುಂಡನೆಯ ಸೀಸದ ಗುಂಡುಗಳನ್ನು. ಅಂಥ ಗುಂಡಿಗೆ ಮೂತಿಯೂ ಇಲ್ಲ, ಬುಡವೂ ಇಲ್ಲ. ಅದು ಹೇಗೆ ಹೊರಳಿದರೂ ಗಾಳಿಗೆ ಒಡ್ಡುವ ಮುಖ ಒಂದೇ. ಜಗಳೂರು, ಹೊಳಲ್ಕೆರೆಗಳ ಕಡೆ ಬೆಳೆ ಕಾಯಲು ಪರವಾನಗಿ ಪಡೆದವರ ಮನೆಯಲ್ಲಿರುವ ಒಂಟಿ ನಳಿಗೆ, ಜೋಡಿ ನಳಿಗೆಯ ಚರೆಕೋವಿಗಳ ಒಳಮೈಯೂ ನುಣುಪೇ. ನಳಿಗೆಯೊಳಗಿನ ಸುರುಳಿ ಗೀರುಗಳ ಪ್ರಶ್ನೆ ಏಳುವುದು ಉದ್ದನೆಯ, ಚೂಪು ಮೂತಿಯ ಗುಂಡನ್ನು ಹಾರಿಸುವ ರೈಫಲ್ಲಿನಲ್ಲಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಹವ್ಯಾಸದ ಬೇಟೆಗೆ ಅವಕಾಶವಿಲ್ಲವಾದ್ದರಿಂದ ಬೇಟೆಗುಂಡಿನ ಉದಾಹರಣೆಗಳನ್ನು ಅದು ಕಾನೂನುಬದ್ಧವಾಗಿರುವ ದೇಶಗಳಿಂದಲೇ ತೆಗೆದುಕೊಳ್ಳಬೇಕು. ಆದರೆ ಗುರಿಯ ಅಭ್ಯಾಸಕ್ಕಾಗಿ .22 (ಇಂಚಿನಲ್ಲಿ ನಳಿಗೆಯ ಸುಮಾರು ವ್ಯಾಸ) ರೈಫಲ್ ಹಿಡಿಯುವ ನಮ್ಮ ಹುಡುಗ ಹುಡುಗಿಯರಿಗೂ ಅನ್ವಯಿಸುವುದು ಅದೇ ಭೌತವಿಜ್ಞಾನ.

ಹಾರುವ ಗುಂಡಿನ ಮೇಲೆ ಗಾಳಿಯ ಒತ್ತಡ ಕೇಂದ್ರೀಕರಿಸುವ ಬಿಂದು ಅದರ ಗುರುತ್ವಕೇಂದ್ರಕ್ಕಿಂತ ಮುಂದೆ, ಮೂತಿಯ ಕಡೆಗಿರುತ್ತದೆ. ಆದ್ದರಿಂದ ಗಾಳಿ ಸದಾ ಗುಂಡಿನ ಮೂತಿಯನ್ನು ಎತ್ತಿ ಮಗುಚಲು ನೋಡುತ್ತದೆ. ನಿಂತ ಬುಗುರಿ ಉರುಳುತ್ತದೆ, ತಿರುಗುವ ಬುಗುರಿ ನಿಲ್ಲುತ್ತದೆ. ಗುಂಡನ್ನು ಕಾಯುವುದೂ ಇದೇ ತಿರುಗುವಿಕೆ. ನಳಿಗೆಯ ಒಳಗೋಡೆಯಲ್ಲಿ ಕೊರೆದ ಸುರುಳಿ ಗೀರುಗಳು ಗುಂಡನ್ನು ಕಚ್ಚಿ ತಿರುಗಿಸುತ್ತವೆ. ಸುರುಳಿಯ ಅಳತೆಯನ್ನು 1:10 ಎಂದು ಬರೆದರೆ ಹತ್ತು ಇಂಚು, ಅಂದರೆ 254 ಮಿಲಿಮೀಟರ್ ಸಾಗುವಷ್ಟರಲ್ಲಿ ಒಂದು ಪೂರ್ಣ ಸುತ್ತು. ಎರಡನೆಯ ಅಂಕಿ ಚಿಕ್ಕದಾದಷ್ಟೂ ಸುರುಳಿ ಬಿಗಿ, ದೊಡ್ಡದಾದಷ್ಟೂ ಸಡಿಲ. ಸೆಕೆಂಡಿಗೆ 850 ಮೀಟರ್ ವೇಗದಲ್ಲಿ ಇಂಥ ನಳಿಗೆಯಿಂದ ಹೊರಬೀಳುವ ಗುಂಡು ನಿಮಿಷಕ್ಕೆ ಸುಮಾರು ಎರಡು ಲಕ್ಷ ಸುತ್ತು ತಿರುಗುತ್ತಿರುತ್ತದೆ.

ಯಾವ ಗುಂಡಿಗೆ ಎಷ್ಟು ಬಿಗಿ ಬೇಕು? ಬ್ರಿಟನ್ನಿನ ಗಣಿತಜ್ಞ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸರಳ ಸೂತ್ರ ಇಂದಿಗೂ ಮೊದಲ ಅಂದಾಜಿಗೆ ಸಾಕು: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ ಒಂದು ಸುತ್ತಿಗೆ ಬೇಕಾದ ದೂರ ಸಿಗುತ್ತದೆ. 7.82 ಮಿ.ಮೀ. ವ್ಯಾಸದ, 30 ಮಿ.ಮೀ. ಉದ್ದದ ಗುಂಡಿಗೆ ಉತ್ತರ 306 ಮಿ.ಮೀ., ಅಂದರೆ ಹೆಚ್ಚುಕಡಿಮೆ 1:12. ಅದೇ ವ್ಯಾಸದ ಗುಂಡಿನ ಉದ್ದ 35 ಮಿ.ಮೀ. ಆದರೆ 262 ಮಿ.ಮೀ., 1:10ರ ಹತ್ತಿರ. ಈ ಸೂತ್ರದಲ್ಲಿ ತೂಕ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ಅಂಗಡಿಯಲ್ಲಿ ತೋಟಾ ಮಾರುವುದು ತೂಕದ ಹೆಸರಿನಲ್ಲಿ, ಅದೂ ಗ್ರೇನ್ ಲೆಕ್ಕದಲ್ಲಿ (ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್). ಒಂದೇ ವ್ಯಾಸ, ಒಂದೇ ಲೋಹ, ಒಂದೇ ಬಗೆಯ ಆಕಾರವಿದ್ದಾಗ ಭಾರದ ಗುಂಡು ಉದ್ದವೂ ಆಗಿರುವುದರಿಂದ ತೂಕ ನೋಡಿ ಸುರುಳಿ ಆರಿಸುವ ರೂಢಿ ಬೆಳೆದಿದೆ. ಅದನ್ನು ನಿಯಮವೆಂದು ನಂಬುವುದು ಸರಿಯಲ್ಲ.

ಈ ಲೆಕ್ಕದ ಬೆಲೆ ತಿಳಿಯಲು 1955ರ ಅಮೆರಿಕೆಯನ್ನು ನೋಡಬೇಕು. ಆ ವರ್ಷ ವಿಂಚೆಸ್ಟರ್ ಕಂಪನಿಯ .243 ಮತ್ತು ರೆಮಿಂಗ್ಟನ್ನಿನ .244 ಎಂಬ, ಹೆಸರಿನ ಅಂಕಿ ಬೇರೆಯಾದರೂ ಒಂದೇ ವ್ಯಾಸದ ಗುಂಡಿನ ಎರಡು ತೋಟಾಗಳು ಮಾರುಕಟ್ಟೆಗೆ ಬಂದವು. ರೆಮಿಂಗ್ಟನ್ ಸಣ್ಣ ಪ್ರಾಣಿಗಳ ಬೇಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಗುರ ಗುಂಡುಗಳಿಗೆ ಸಾಕಾಗುವ 1:12ರ ಸಡಿಲ ಸುರುಳಿ ಕೊಟ್ಟಿತು. ವಿಂಚೆಸ್ಟರ್ 1:10 ಕೊಟ್ಟು 100 ಗ್ರೇನಿನ ಗುಂಡನ್ನೂ ಜೊತೆಗಿಟ್ಟಿತು. ಒಂದೇ ರೈಫಲ್ಲಿನಲ್ಲಿ ಜಿಂಕೆಯನ್ನೂ ಹೊಡೆಯಬೇಕೆಂದಿದ್ದ ಬೇಟೆಗಾರರು .243ರತ್ತ ಹೊರಳಿದರು. ಮೊಂಡು ಮೂತಿಯ ಗಿಡ್ಡ ಗುಂಡಾಗಿದ್ದರೆ ಅದೇ 100 ಗ್ರೇನ್ .244ರಲ್ಲೂ ನಡೆಯಬಹುದಿತ್ತು, ಚೂಪಾದ ಉದ್ದ ಗುಂಡಿನ ಬಗ್ಗೆಯಷ್ಟೇ ಅನುಮಾನವಿದ್ದುದು. ಆದರೆ ಕೊಳ್ಳುವವರು ಅಷ್ಟು ವಿವರಕ್ಕೆ ಹೋಗಲಿಲ್ಲ. 1963ರಲ್ಲಿ ರೆಮಿಂಗ್ಟನ್ ಅದೇ ತೋಟಾಕ್ಕೆ 6 ಮಿ.ಮೀ. ರೆಮಿಂಗ್ಟನ್ ಎಂದು ಹೊಸ ಹೆಸರಿಟ್ಟು, 1:9ರ ಬಿಗಿ ಸುರುಳಿಯೊಂದಿಗೆ ಮತ್ತೆ ತಂದಿತು. ಅಷ್ಟರಲ್ಲಿ .243 ಬೇರು ಬಿಟ್ಟಾಗಿತ್ತು.

ಈಚಿನ ದಿನಗಳಲ್ಲಿ ತೂಕದ ರೂಢಿಯನ್ನು ಇನ್ನಷ್ಟು ಅಲುಗಾಡಿಸಿರುವುದು ಸೀಸದ ಬದಲು ಬಂದ ತಾಮ್ರದ ಗುಂಡು. ಸೀಸದ ಚೂರು ಸೇರಿದ ಮಾಂಸ ತಿಂದು ಕಾಂಡೋರ್ ಹದ್ದುಗಳು ಸಾಯುವುದನ್ನು ಕಂಡ ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿಯಾಗಿ ನಿಷೇಧಿಸಿತು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಮ್, ತಾಮ್ರದ್ದು 8.9. ಅಷ್ಟೇ ತೂಕದ ತಾಮ್ರದ ಗುಂಡು ಉದ್ದವಾಗಲೇಬೇಕು, ಹಳೆಯ ಸಡಿಲ ನಳಿಗೆಯಲ್ಲಿ ಅದು ಓಲಾಡುವ ಸಂಭವವೂ ಹೆಚ್ಚುತ್ತದೆ. ಗುರಿಹಲಗೆಯ ಕಾಗದದಲ್ಲಿ ದುಂಡು ತೂತಿನ ಬದಲು ಗುಂಡಿನ ಪಕ್ಕದ ಆಕಾರವೇ ಸೀಳಾಗಿ ಮೂಡಿದ್ದರೆ ಗುಂಡು ಅಡ್ಡಡ್ಡಲಾಗಿ ಬಂದಿದೆ ಎಂದೇ ಅರ್ಥ.

ಗಾಳಿಯ ಸಾಂದ್ರತೆಯೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕೆಯ ಎಂ-16 ರೈಫಲ್ಲಿಗೆ ಮೊದಲು ಇದ್ದ 1:14ರ ಸುರುಳಿ ಕಡು ಚಳಿಯ ದಟ್ಟ ಗಾಳಿಯಲ್ಲಿ ಸಾಲದೆ ಹೋದದ್ದರಿಂದ ಅದನ್ನು 1:12ಕ್ಕೆ ಬಿಗಿಗೊಳಿಸಿದರು. ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರುವ ಚಿತ್ರದುರ್ಗದ ಏಪ್ರಿಲ್ ಬಿಸಿಲಿನ ತೆಳು ಗಾಳಿಯಲ್ಲಿ ಅದೇ ಗುಂಡು ಹೆಚ್ಚು ಸ್ಥಿರವಾಗಿ ಹಾರುತ್ತದೆ. ಬೇಕಾದದ್ದಕ್ಕಿಂತ ತುಸು ಬಿಗಿಯಾದ ಸುರುಳಿಯಿಂದ ಆಗುವ ನಷ್ಟ ಸಣ್ಣದು, ಸಡಿಲವಾದರೆ ಗುರಿಯೇ ತಪ್ಪುತ್ತದೆ. ಆದ್ದರಿಂದ ಬಳಸಲಿರುವ ಅತ್ಯಂತ ಉದ್ದದ ಗುಂಡಿಗೆ ತಕ್ಕಂತೆ ಸುರುಳಿ ಆರಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ತೀರಾ ಬಿಗಿಯಾದರೆ ಮಾತ್ರ ತೆಳು ಹೊದಿಕೆಯ ಹಗುರ ಗುಂಡುಗಳು ಸುತ್ತಿನ ರಭಸಕ್ಕೆ ಗಾಳಿಯಲ್ಲೇ ಛಿದ್ರವಾಗುವುದುಂಟು.

ಕೈಯಲ್ಲಿರುವ ರೈಫಲ್ಲಿನ ಸುರುಳಿಯನ್ನು ಅಳೆಯುವುದು ಸುಲಭ. ನಳಿಗೆಯಲ್ಲಿ ತೋಟಾ ಇಲ್ಲವೆಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡ ಮೇಲೆ, ಹಿಡಿ ಸಲೀಸಾಗಿ ತಿರುಗುವಂಥ ಶುಚಿಗೊಳಿಸುವ ಸಲಾಕೆಯ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಬೇಕು. ಬಟ್ಟೆ ಗೀರುಗಳನ್ನು ಹಿಡಿದ ಕೂಡಲೇ ಸಲಾಕೆ ತಾನಾಗಿ ತಿರುಗತೊಡಗುತ್ತದೆ. ಅದರ ಮೇಲ್ಭಾಗಕ್ಕೆ ಒಂದು ಗುರುತು ಹಾಕಿ, ಆ ಗುರುತು ಒಂದು ಸುತ್ತು ಹಾಕಿ ಮತ್ತೆ ಮೇಲಕ್ಕೆ ಬರುವವರೆಗೆ ಸಲಾಕೆ ಎಷ್ಟು ಒಳಸರಿಯಿತೆಂದು ಅಳೆದರೆ ಅದೇ ಸುರುಳಿಯ ದೂರ. 7.82 ಮಿ.ಮೀ. ಗುಂಡಿನ ನಳಿಗೆಯಲ್ಲಿ ಅದು 254 ಮಿ.ಮೀ. ಬಂದರೆ, ಗ್ರೀನ್‌ಹಿಲ್ ಸೂತ್ರದ ಪ್ರಕಾರ ಅದು ಸುಮಾರು 36 ಮಿ.ಮೀ. ಉದ್ದದವರೆಗಿನ ಸೀಸದ ಗುಂಡನ್ನು ನೆಟ್ಟಗೆ ಹಾರಿಸಬಲ್ಲದು.